ಶುಕ್ರವಾರದ ಗದ್ದಲ

ಶುಕ್ರವಾರ ಸಂಜೆ ಬಂತೆಂದರೆ ನನಗೆ ಮೈಯೆಲ್ಲ ಭಾರವಾಗುತ್ತಿತ್ತು. ಜನ ವಾರವಿಡೀ ಆ ಸಂಜೆಗಾಗಿ ಕಾಯುತ್ತಾರಂತೆ. ಕಾಯಲಿ, ಪುಣ್ಯಾತ್ಮರು. ದಿನಾ ಲಿಫ್ಟಿನ ಬುಡದ ಗುಂಡಿಗೆ ಇಳಿದು, ಗ್ರೀಸು, ಧೂಳು, ಸತ್ತ ಇಲಿಗಳ ನಡುವೆ ಬೆನ್ನು ಸವೆಸಿದವನಿಗೆ ಬೇಕಾದದ್ದು ಒಂದು ಬಕೆಟ್ ಬಿಸಿನೀರು ಮತ್ತು ಒಂದು ಹಾಸಿಗೆ. ಅದು ಬಿಟ್ಟು ಊರಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುವ ಸರ್ಕಲ್ಲಿನಲ್ಲಿ, ತಲೆಯ ಮೇಲೆಯೇ ಸ್ಪೀಕರ್ ಕಟ್ಟಿದ ಹೋಟೆಲಿನಲ್ಲಿ ಕೂತು ಗಂಟಲು ಹರಿದುಕೊಳ್ಳುವುದು ಯಾವ ಸೀಮೆ ಸುಖವೋ ನನಗೆ ತಿಳಿಯುತ್ತಿರಲಿಲ್ಲ. ಆದರೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅದು ಮೇಸ್ತ್ರಿ ಹಾಕಿದ ಪದ್ಧತಿ.

ನಾವು ನಾಲ್ವರು. ಲಿಫ್ಟು ಕೆಟ್ಟರೆ ಹೋಗಿ ಸರಿಮಾಡುವ ಸಾಹೇಬರ ಕಂಪನಿಯಲ್ಲಿ ನಮಗೆ ಕೆಲಸ. ಮೇಸ್ತ್ರಿ ನಮಗೆಲ್ಲ ಹಿರಿಯರು. ಮೋಟಾರಿನ ಕೆಲಸ ಅವರದು. ಕೆಳಗೆ ಗುಂಡಿಗಿಳಿಯುವವನು ನಾನು. ವೈರಿಂಗ್ ಮಾಡುವವನಿಗೆ ಪುರಾಣ ಅಂತ ಹೆಸರು, ಏಕೆಂದರೆ ಬಾಯಿ ತೆರೆದರೆ ಮುಗಿಸುವುದು ಅವನಿಗೆ ಗೊತ್ತಿಲ್ಲ. ಆಫೀಸಿನಲ್ಲಿ ಫೋನ್ ಎತ್ತುವವಳು ಅಕ್ಕ. ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡವರ ಬೈಗುಳವನ್ನೆಲ್ಲ ಮೊದಲು ಕೇಳುವವಳು ಅವಳು. ನನ್ನನ್ನು ಮೇಸ್ತ್ರಿ ಗೊಣಗಪ್ಪ ಅನ್ನುತ್ತಿದ್ದರು. ಆ ಹೆಸರು ಸುಳ್ಳು ಅಂತ ನಾನೂ ಎಂದೂ ವಾದಿಸಿದ್ದಿಲ್ಲ.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಮೇಲಿನ ಮೋಟಾರ್ ಕೋಣೆಯಲ್ಲಿ ಒಬ್ಬ, ಕೆಳಗೆ ಗುಂಡಿಯಲ್ಲಿ ಒಬ್ಬ. ಕೆಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಕೂಗಿಯೇ ಹೇಳಬೇಕು. ಒಬ್ಬ ಕೂಗಿದ್ದನ್ನು ಇನ್ನೊಬ್ಬ ತಿರುಗಿ ಕೂಗಬೇಕು. ತಿರುಗಿ ಕೂಗುವ ತನಕ ಕೈ ಆಡಿಸುವಂತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಮರೆತದ್ದಕ್ಕೆ ಮೇಸ್ತ್ರಿ ನನ್ನ ತಲೆಗೆ ಮೊಟಕಿದ್ದರು. "ಹೇಳಿದ್ದನ್ನ ತಿರುಗಿ ಹೇಳೋ ಕತ್ತೆ. ಇಲ್ಲಾಂದ್ರೆ ನಿನ್ನ ಹೆಂಡ್ತಿಗೆ ನಾನೇನ್ ಹೇಳ್ಲಿ?" ಆ ಚಾಳಿ ನಮ್ಮನ್ನು ಎಷ್ಟು ಹಿಡಿದಿತ್ತೆಂದರೆ, ಮನೆಯಲ್ಲಿ ಹೆಂಡತಿ "ಬಾಗಿಲು ಹಾಕಿ" ಅಂದರೆ "ಬಾಗಿಲು ಹಾಕ್ತಾ ಇದ್ದೀನಿ" ಅನ್ನುತ್ತಿದ್ದೆ. ಹೋಟೆಲಿನಲ್ಲಿ ಪುರಾಣ "ಇನ್ನೊಂದು ಸೂಪು" ಅಂದರೆ ಮೇಜಿನ ಸುತ್ತ ಎಲ್ಲರೂ "ಇನ್ನೊಂದು ಸೂಪು" ಅನ್ನುವುದು. ಸಪ್ಲಯರ್ ನಾಲ್ಕು ಸೂಪು ತಂದಿಟ್ಟು ಹೋದದ್ದೂ ಉಂಟು.

ಶುಕ್ರವಾರಗಳಲ್ಲಿ ಮೇಸ್ತ್ರಿಯ ಗೆಲುವು ನೋಡಬೇಕಿತ್ತು. ಸ್ಪೀಕರಿನ ನೇರ ಕೆಳಗಿನ ಮೇಜೇ ಆಗಬೇಕು, ಗೋಡೆಗೆ ಬೆನ್ನು ಕೊಟ್ಟ ಕುರ್ಚಿಯೇ ಆಗಬೇಕು. ಅಲ್ಲಿ ಯಾರ ಮಾತು ಯಾರಿಗೂ ಕೇಳುತ್ತಿರಲಿಲ್ಲ. "ಆಂ?" "ಏನಂದೆ?" "ಜೋರಾಗಿ ಹೇಳೋ!" ಇಷ್ಟೇ ನಮ್ಮ ಸಂಭಾಷಣೆ. ಮೇಸ್ತ್ರಿ ಮಾತ್ರ ನಗುತ್ತ, ಮೇಜು ಕುಟ್ಟುತ್ತ, ಎಲ್ಲರ ಮುಖ ನೋಡುತ್ತ ಕೂತಿರುತ್ತಿದ್ದರು. ನಾನು ಮನೆಗೆ ಹೋಗುವಾಗ ಗಂಟಲು ಕಟ್ಟಿರುತ್ತಿತ್ತು. "ಸ್ನೇಹಿತರ ಜೊತೆ ಹೋಗಿದ್ರೋ, ಯಾರ ಮೇಲಾದ್ರೂ ಜಗಳಕ್ಕೆ ಹೋಗಿದ್ರೋ?" ಅಂತ ಹೆಂಡತಿ ಕೇಳುತ್ತಿದ್ದಳು.

ಆ ವಾರ ಇನ್ನೊಂದು ನಡೆದಿತ್ತು. ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತಿತ್ತು. ಮೇಸ್ತ್ರಿ ಮೇಲೆ ಬ್ರೇಕು ಸಡಿಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಅದನ್ನು ಇಂಚಿಂಚೇ ಇಳಿಸುತ್ತಿದ್ದರು. ಕೆಳಗಿನ ಸ್ಪ್ರಿಂಗಿನ ಮೇಲೆ ಅದು ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ನಾನು ಗುಂಡಿಯಲ್ಲಿ ಮಲಗಿದ್ದೆ. ಒಂದು ಸ್ಪ್ರಿಂಗು ವಾಲಿದ್ದು ಕಂಡು "ನಿಲ್ಸಿ!" ಎಂದು ಕೂಗಿದೆ. ಉತ್ತರವಿಲ್ಲ. ಲಿಫ್ಟು ಇಳಿಯುತ್ತಲೇ ಇತ್ತು. "ನಿಲ್ಸೀ!" ಎಂದು ಅರಚಿದೆ. ಅದು ಇನ್ನೊಂದು ಗೇಣು ಇಳಿದು, ವಾಲಿದ ಸ್ಪ್ರಿಂಗಿಗೆ ಸಿಕ್ಕಿಕೊಂಡು, ನನ್ನ ಹೆಲ್ಮೆಟ್ಟಿಗೆ ತಾಗಿ ನಿಂತಿತು.

ಕೆಳಗೆ ಬಂದು ನಾನಿದ್ದ ಸ್ಥಿತಿ ನೋಡಿದ ಮೇಸ್ತ್ರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. "ಬ್ರೇಕ್ ಜಾರ್‍ತು ಕಣೋ," ಅಂದರು. ಇಬ್ಬರೂ ಸೇರಿ ಬ್ರೇಕಿನ ಪಟ್ಟಿ ಬದಲಾಯಿಸಿದೆವು. ಹಳೆಯ ಪಟ್ಟಿ ಅಷ್ಟೇನೂ ಸವೆದಂತೆ ನನಗೆ ಕಾಣಲಿಲ್ಲ. ಆದರೂ ನಂಬಿದೆ. ಕೆಲಸ ಕಲಿಸಿದವರ ಮಾತನ್ನು ನಂಬದೆ ಇನ್ಯಾರ ಮಾತನ್ನು ನಂಬಲಿ? "ಇನ್ಮೇಲೆ ಕೂಗೋ ಬದಲು ಟಾರ್ಚ್ ಹಾಕಿ ತೋರ್ಸು. ಬಾಯಿಗಿಂತ ಬೆಳಕು ವಾಸಿ," ಅಂತಲೂ ಹೇಳಿದರು. ವಯಸ್ಸಾದವರಿಗೆ ಒಂದೊಂದು ಹೊಸ ಹುಚ್ಚು ಅಂದುಕೊಂಡೆ.

ಆ ಶುಕ್ರವಾರ ಹೋಟೆಲಿನ ಮುಂದೆ ಹೋಗಿ ನಿಂತರೆ ಬಾಗಿಲು ಹಾಕಿತ್ತು. ಒಳಗೆ ಬಣ್ಣ ಹೊಡೆಯುತ್ತಿದ್ದರು. ನನಗಾದ ಆನಂದ ಅಷ್ಟಿಷ್ಟಲ್ಲ.

"ಹಾಗಾದ್ರೆ ಇವತ್ತು ಬೇಡ ಬಿಡ್ರಪ್ಪ, ಮನೆಗೆ ಹೋಗೋಣ," ಅಂದರು ಮೇಸ್ತ್ರಿ. ಎಂದೂ ಅವರ ಬಾಯಲ್ಲಿ ಬರದ ಮಾತು ಅದು.

"ಅಯ್ಯೋ, ಬಂದಿದ್ದಾಗಿದೆ," ಅಂದಳು ಅಕ್ಕ. "ಇವತ್ತೊಂದಿನ ಮೆಲ್ಲಗೆ ಮಾತಾಡೋ ಕಡೆ ಹೋಗೋಣ. ಬೆಳಗ್ಗೆಯಿಂದ ಕಿರುಚಾಟ ಕೇಳಿ ಕೇಳಿ ತಲೆ ಚಿಟ್ಟುಹಿಡಿದಿದೆ."

ಪಕ್ಕದ ಬೀದಿಯಲ್ಲಿ ಒಂದು ಹೋಟೆಲು ನನಗೆ ಗೊತ್ತಿತ್ತು. ಅಲ್ಲಿನ ಲಿಫ್ಟು ರಿಪೇರಿ ಮಾಡಿದವನು ನಾನೇ. ಮೇಜಿಗೆ ಬಿಳಿ ಬಟ್ಟೆ, ಮಂದ ದೀಪ, ಚಮಚ ಬಿದ್ದರೆ ಎಲ್ಲರೂ ತಿರುಗಿ ನೋಡುವಷ್ಟು ಮೌನ. ಮೇಸ್ತ್ರಿ ಬಾಗಿಲಲ್ಲೇ ಮುಖ ಗಂಟಿಕ್ಕಿದರು. "ಸಾವಿನ ಮನೆ ಇದ್ದ ಹಾಗಿದೆಯಲ್ಲೋ!" ಒಳಗಿದ್ದವರೆಲ್ಲ ನಮ್ಮ ಕಡೆ ನೋಡಿದರು. ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದರು.

ಕೂತ ಮೇಲೆ ಶುರುವಾಯಿತು ಮೇಸ್ತ್ರಿಯ ಮಾತು. ಪುರಾಣನನ್ನೂ ಮೀರಿಸಿದರು. ಅವರ ಮೊದಲ ಕೆಲಸ, ಹಳೆಯ ಮೋಟಾರುಗಳು, ಲಿಫ್ಟಿನಲ್ಲಿ ಸಿಕ್ಕಿಬಿದ್ದ ಒಬ್ಬ ದಪ್ಪ ವಕೀಲ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಯಾರಿಗೂ ಬಾಯಿ ಹಾಕಲು ಸಂದು ಕೊಡಲಿಲ್ಲ. ಎಲ್ಲ ನಾವು ಹತ್ತು ಸಲ ಕೇಳಿದ ಕತೆಗಳೇ. ನಾನು ಆಕಳಿಸುತ್ತ ಕೂತೆ. ಅಂತೂ ಊಟ ಬಂದು ಅವರ ಬಾಯಿಗೆ ಬೇರೆ ಕೆಲಸ ಸಿಕ್ಕಿತು.

ಆಗ ಅಕ್ಕ ತಟ್ಟೆ ನೋಡುತ್ತಲೇ ಮೆಲ್ಲಗೆ ಹೇಳಿದಳು. "ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಪೆಟ್ಟಿಗೆ ಸಮೇತ. ಏನ್ ಕೇಳಿದ್ರೂ ಬಾಯಿ ಬಿಡ್ತಿಲ್ಲ. ಮೈಮೇಲೆ ಬಾಸುಂಡೆ ಇದೆ. ಯಾರ ಹತ್ರ ಹೇಳ್ಕೊಳ್ಳಲಿ ಅಂತಾನೇ ಗೊತ್ತಾಗ್ಲಿಲ್ಲ."

ಪುರಾಣನ ಕೈ ತಟ್ಟೆಯ ಮೇಲೆಯೇ ನಿಂತಿತು. ಮೇಸ್ತ್ರಿ ಕೋಳಿಯ ಕಾಲಿನಿಂದ ಕಣ್ಣೆತ್ತಿ ಅವಳನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಮೇಜು ಕುಟ್ಟಿ ಹೋ ಎಂದು ನಕ್ಕರು.

"ಭಲೇ! ಸುದ್ದಿ ಅಂದ್ರೆ ಹೀಗಿರಬೇಕು ನೋಡು!"

ಅಕ್ಕನ ಮುಖ ಸುಟ್ಟ ಹಾಗಾಯಿತು. ಅವಳು ನೀರಿನ ಲೋಟ ಎತ್ತಿ ಕುಡಿಯುತ್ತ ಕೂತಳು. ಪುರಾಣ ಹಲ್ಲು ಕಚ್ಚಿ "ಮೇಸ್ತ್ರಿಗೆ ಏರಿಬಿಟ್ಟಿದೆ ಕಣಕ್ಕ, ಮನಸಿಗೆ ಹಚ್ಕೋಬೇಡಿ," ಅಂದ. ಆದರೆ ಮೇಸ್ತ್ರಿ ಕುಡಿದಿದ್ದುದು ಬರೀ ನಿಂಬೆ ಪಾನಕ. ಅವರು ಇನ್ನೊಬ್ಬರ ನೋವಿಗೆ ನಗುವ ಜಾತಿಯವರೂ ಅಲ್ಲ. ಅಕ್ಕನ ಮಗಳ ಮದುವೆಯಲ್ಲಿ ಬಡಿಸಲು ನಿಂತು ಸೊಂಟ ಹಿಡಿಸಿಕೊಂಡವರು.

ನನಗೊಂದು ಅನುಮಾನ ಬಂತು. ಕೈವಸ್ತ್ರ ಎತ್ತಿ ಬಾಯಿ ಒರೆಸಿಕೊಳ್ಳುವವನಂತೆ ತುಟಿ ಮುಚ್ಚಿಕೊಂಡು, ಪಕ್ಕದಲ್ಲೇ ಇದ್ದ ಅವರಿಗೆ ಸಾಮಾನ್ಯ ದನಿಯಲ್ಲಿ ಹೇಳಿದೆ: "ಮೇಸ್ತ್ರಿ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ."

ಮೇಸ್ತ್ರಿ ನನ್ನ ಕಡೆ ತಿರುಗಿ ತಲೆಯಾಡಿಸಿದರು. "ಹೌದೌದು. ಚೆನ್ನಾಗಿದೆ. ಇನ್ನೊಂಚೂರು ಹಾಕ್ಕೋ."

ಗುಂಡಿ, ಹೆಲ್ಮೆಟ್ಟು, ಸವೆಯದ ಬ್ರೇಕಿನ ಪಟ್ಟಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬ್ರೇಕು ಜಾರಿರಲಿಲ್ಲ. ನಾನು ಅರಚಿದ್ದು ಈ ಮನುಷ್ಯನಿಗೆ ಕೇಳಿಸಿರಲೇ ಇಲ್ಲ. ನಾಳೆ ಬೆಳಗ್ಗೆ ಮತ್ತೆ ನಮ್ಮಿಬ್ಬರದೇ ಜೋಡಿ, ಮತ್ತೆ ನಾನು ಕೆಳಗೆ, ಅವರು ಮೇಲೆ.

"ಇಲ್ಲಿ ಸೆಕೆ," ಎಂದು ಮೇಸ್ತ್ರಿ ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಹೋದರು. ಅಕ್ಕ, ಪುರಾಣ ಕೈ ತೊಳೆಯಲು ಹೋದರು. ನಾನು ಮೇಸ್ತ್ರಿಯ ಹಿಂದೆ ಹೋಗಿ, ಹೋಟೆಲಿನ ಮೆಟ್ಟಿಲ ಕೆಳಗೆ, ಬೀದಿದೀಪದಡಿ ಅವರ ಮುಂದೆ ನಿಂತೆ. ನನ್ನ ಮುಖ ಬೆಳಕಿಗಿರುವಂತೆ ನಿಂತೆ.

"ಯಾವಾಗಿಂದ ಮೇಸ್ತ್ರಿ?"

ಅವರು ಏನೂ ತಿಳಿಯದವರಂತೆ ನಗಲು ಹೋದರು. ನಾನು ನಗಲಿಲ್ಲ. ಅವರ ಭುಜ ಇಳಿಯಿತು.

"ಒಂದು ಕಿವಿ ಹೋಗಿ ಬಹಳ ದಿನ ಆಯ್ತು. ಇನ್ನೊಂದು ಈ ವರ್ಷ ಕೈಕೊಡ್ತು. ಕಿವಿಗೆ ಹಾಕೋ ಯಂತ್ರ ತಗೊಂಡಿದ್ದೀನಿ ಕಣೋ, ಹಾಕ್ಕೊಂಡ್ರೆ ಮೋಟಾರಿನ ಸದ್ದು ತಲೆಯೊಳಗೇ ಕೂರುತ್ತೆ, ನಿಮ್ಮ ಮಾತು ಕೇಳಲ್ಲ." ಬೀದಿಯ ಕಡೆ ಒಮ್ಮೆ ನೋಡಿ ಮುಂದುವರಿಸಿದರು. "ಮನೇಲಿ ನನ್ ಮುಂದೆ ಯಾರೂ ಮಾತಾಡೋದೇ ಬಿಟ್ಟಿದ್ದಾರೆ. ಎರಡೆರಡು ಸಲ ಹೇಳೋಕೆ ಅವರಿಗೂ ಬೇಜಾರು. ಆ ಸರ್ಕಲ್ ಹೋಟ್ಲಲ್ಲಿ ಮಾತ್ರ ನೀವೂ ನನ್ ಹಾಗೇ ಕಿವುಡರು. ಎಲ್ಲರೂ ಆಂ, ಆಂ ಅಂತೀರಿ. ವಾರಕ್ಕೊಂದ್ಸಲ ಜೀವ ಬಂದ ಹಾಗಿರುತ್ತೆ."

ನನಗೆ ಕೋಪ ನೆತ್ತಿಗೇರಿತ್ತು, ಅವರ ಮಾತು ಕೇಳಿ ಕರುಳೂ ಚುರುಕ್ಕೆಂದಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು?

"ಆವತ್ತು ನಾನು ಸಾಯ್ತಿದ್ದೆ," ಅಂದೆ.

"ಗೊತ್ತು. ಅವತ್ತಿಂದ ನಿದ್ದೆ ಬಂದಿಲ್ಲ. ನಾಳೆ ನೀನು ಮೇಲಿರು, ನಾನು ಗುಂಡಿಗಿಳೀತೀನಿ. ನಾನು ಕೂಗಿದ್ದು ನಿಂಗೆ ಕೇಳಿದ್ರೆ ಸಾಕಲ್ಲ?"

"ನಾನು ಇಳಿಸ್ತೀನಿ ಅಂತ ಕೂಗಿದ್ದು ನಿಮಗೆ ಕೇಳಬೇಡ್ವಾ? ನಿಮ್ಮನ್ನ ನನ್ ಕೈಯಲ್ಲೇ ಸಾಯಿಸ್ಬೇಕಾ?"

ಅವರು ಅಂಗೈಯಿಂದ ಹಣೆ ಒರೆಸಿಕೊಂಡರು.

"ಬೆಳಗ್ಗೆ ಸಾಹೇಬ್ರಿಗೆ ಹೇಳ್ಬಿಡ್ತೀನಿ ಮೇಸ್ತ್ರಿ."

"ಏನಂದೆ?"

"ಸಾಹೇಬ್ರಿಗೆ ಹೇಳ್ತೀನಿ ಅಂದೆ."

"ಕೇಳಿಸ್ಲಿಲ್ಲ ಕಣೋ."

ನನ್ನ ತುಟಿಯ ಮೇಲೆಯೇ ಅವರ ಕಣ್ಣಿತ್ತು. ಅವರಿಗೆ ಚೆನ್ನಾಗಿ ಗೊತ್ತಾಗಿತ್ತು. ಸಾಹೇಬರ ಕಿವಿಗೆ ಬಿದ್ದರೆ ನಾಳೆಯಿಂದಲೇ ಕೆಲಸವಿಲ್ಲ, ಇಲ್ಲವೇ ಗೋದಾಮಿನಲ್ಲಿ ನಟ್ಟು ಬೋಲ್ಟು ಕಾಯುವ ಕುರ್ಚಿ. ಅದನ್ನು ನನ್ನ ಬಾಯಿಂದ ಕೇಳಿಸಿಕೊಳ್ಳಲು ಅವರು ಸಿದ್ಧರಿರಲಿಲ್ಲ. "ಕೇಳಿಸ್ಲಿಲ್ಲ," ಎಂದು ಮತ್ತೆ ಅಂದರು, ಮಕ್ಕಳು ಹಟ ಹಿಡಿದು ಹೇಳುತ್ತಾರಲ್ಲ, ಹಾಗೆ. ವಾರದ ದಣಿವೆಲ್ಲ ನನ್ನ ಗಂಟಲಿಗೆ ಬಂತು.

"ನಿಮಗೆ ಕಿವಿ ಕೇಳಲ್ಲ ಅಂತ ಸಾಹೇಬ್ರಿಗೆ ಹೇಳ್ತೀನಿ ಅಂದೇ! ಕಿವುಡರು ನೀವು! ಕಿವುಡರು!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಎದುರಿನ ಅಂಗಡಿಯವನು ತಲೆ ಹೊರಗೆ ಹಾಕಿದ. ಮೇಸ್ತ್ರಿಯ ದೃಷ್ಟಿ ನನ್ನ ಭುಜ ದಾಟಿ ಹೋಗಿತ್ತು. ತಿರುಗಿದೆ. ಮೆಟ್ಟಿಲ ಮೇಲೆ ಅಕ್ಕ ಮತ್ತು ಪುರಾಣ ನಿಂತಿದ್ದರು. ಪುರಾಣನ ಬಾಯಿ ತೆರೆದಿತ್ತು, ಮಾತು ಮಾತ್ರ ಬರಲಿಲ್ಲ.

"ಈಗ ಕೇಳಿಸ್ತು," ಅಂದರು ಮೇಸ್ತ್ರಿ.

ನನಗೆ ಭೂಮಿ ಬಾಯ್ಬಿಟ್ಟರೆ ಸಾಕಾಗಿತ್ತು. ಅವರು ನನ್ನನ್ನು ಬಿಟ್ಟು ಅಕ್ಕನ ಹತ್ತಿರ ಹೋದರು. ಮೆಟ್ಟಿಲ ಕೆಳಗೆ ನಿಂತು ತಲೆಯೆತ್ತಿ ಅವಳ ಮುಖ ನೋಡಿದರು.

"ಊಟಕ್ಕೆ ಕೂತಾಗ ಏನೋ ಹೇಳ್ದೆಯಲ್ಲಮ್ಮ. ತಲೆ ತಗ್ಗಿಸಿದ್ದೆ, ಸರಿಯಾಗಿ ಕಾಣ್ಲಿಲ್ಲ. ಮಗಳ ವಿಷಯ ಇರಬೇಕು ಅಂದ್ಕೊಂಡೆ. ಬಸುರಿ ಅಂದೆಯಾ?"

ಅಕ್ಕ ಎರಡು ಮೆಟ್ಟಿಲು ಇಳಿದಳು. ಒಂದೊಂದೇ ಮಾತನ್ನು ಬಿಡಿಸಿ, ದನಿ ಎತ್ತದೆ ಹೇಳಿದಳು. "ಇಲ್ಲಣ್ಣ. ಗಂಡ ಹೊಡೆದಿದ್ದಾನೆ. ಮನೆಗೆ ಬಂದ್ಬಿಟ್ಟಿದ್ದಾಳೆ."

ಮೇಸ್ತ್ರಿ ಅವಳ ತುಟಿ ನಿಂತ ಮೇಲೂ ನೋಡುತ್ತಲೇ ಇದ್ದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದರು.

"ಅದಕ್ಕೆ ನಾನು ನಕ್ಕೆನಾ?"

ಅವರು ಒಬ್ಬೊಬ್ಬರ ಬಾಯಿಯನ್ನೇ ನೋಡಿದರು, ಯಾವುದಾದರೂ ಅಲುಗುತ್ತದೋ ಎಂದು.

"ಹೇಳ್ರೋ. ನಾಳೆ ಸಾಹೇಬ್ರ ಹತ್ರ ನಾನೇ ಹೋಗ್ತೀನಿ, ಯಾರೂ ಹೇಳೋದು ಬೇಡ. ಇದೊಂದು ಹೇಳಿ. ಆ ಮಗೂನ ಹೊಡೆದ್ರು ಅಂದಾಗ ನಾನು ನಕ್ಕೆನಾ?"

ಅಕ್ಕ ಇಲ್ಲ ಅಂತ ತಲೆಯಾಡಿಸಿದಳು. ಅವರು ಅವಳನ್ನು ನಂಬದೆ ನನ್ನನ್ನು ನೋಡಿದರು.

"ನಕ್ಕಿರಿ ಮೇಸ್ತ್ರಿ," ಅಂದೆ. ದನಿ ಹೊರಡಲೇ ಇಲ್ಲ, ಬರೀ ತುಟಿ ಅಲುಗಿತು.

ಅವರಿಗೆ ಅಷ್ಟೇ ಸಾಕಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.