ಕೊನೆಯ ಪುಟಕ್ಕೊಂದು ಕಾಯಿ

ಬೈಲಹೊಂಗಲದ ನಮ್ಮ ಮನೆಯಲ್ಲಿ, ಓದು ಬಾರದ ಅತ್ತೆ ಚನ್ನವ್ವನಿಗೆ ಮಧ್ಯಾಹ್ನ ಕಾದಂಬರಿ ಓದಿ ಹೇಳುವವಳು ನಾನು. ಮಾಯಾಲೋಕದ ಕಥೆಗೆ ಅವರು ತೂಕಡಿಸಿದರು. ಚಿತ್ರಕಾದಂಬರಿ ನೋಡಿದರೇ ತಿಳಿಯುವಂತಿತ್ತು. ಆದರೂ ಅದನ್ನು ಪಕ್ಕಕ್ಕೆ ಸರಿಸಿದರು. ಪತ್ತೇದಾರಿ ಕಾದಂಬರಿಗೆ ಮಾತ್ರ ಉಸಿರು ಬಿಗಿಹಿಡಿದು ಕೂತರು.

ಇಂದು ಕೊನೆಯ ಪುಟ. ಪತ್ತೇದಾರ ಕೊಲೆಗಾರನತ್ತ ಬೆರಳೆತ್ತಿದ್ದ. ಅಷ್ಟರಲ್ಲಿ ಅತ್ತೆ ಪುಸ್ತಕದ ಮೇಲೆ ಕೈಯಿಟ್ಟರು.

“ನಿಲ್ಲವಾ. ಪುರಾಣ ಮುಗಸೂಮುಂದ ಕಾಯಿ ಒಡದು ಮಂಗಳ ಮಾಡಬೇಕು. ಸೋಮವಾರ ಮುಗಸೂಣು.”

“ಇದು ಪುರಾಣ ಅಲ್ರೀ ಅತ್ತಿ, ಕೊಲಿ ಕತಿ!” ನಾನು ಸಿಡುಕಿದೆ. “ಕಾಯಿ ಅಡಗಿಮನ್ಯಾಗ ಐತಿ. ಈಗ ಒಡೀತೇನಿ.”

ಅವರು ಕೈ ತೆಗೆಯಲಿಲ್ಲ.

“ಮುಗದ ಮ್ಯಾಲ ನೀ ನನ್ನ ಮಗ್ಗಲಕ ಯಾಕ ಕುಂಡ್ರತಿ?”