ಹಾರ್ನಿನೊಳಗಿನ ಹೆಂಗಸು

ಬುಡನಸಾಬ ಗಂಟಲು ಸರಿಮಾಡಿಕೊಂಡರೆ ದೇಸೂರ ಸ್ಟೇಶನ್ನಿನಲ್ಲಿ ನಿಂತ ಗೂಡ್ಸ್ ಗಾಡಿ ಹಸಿರು ನಿಶಾನೆ ಸಿಕ್ಕಿತೆಂದು ತಿಳಿದು ಹೊರಟುಬಿಡುತ್ತಿತ್ತು. ನಂಬುವವರು ನಂಬಲಿ. ನಂಬದವರು ಆ ಗಾಡಿಯ ಗಾರ್ಡನನ್ನು ಹುಡುಕಿ ಕೇಳಲಿ; ಪಾಪ, ಅವನು ಇನ್ನೂ ಲೋಂಡಾದ ಕಾಡಿನಲ್ಲಿ ತನ್ನ ಗಾಡಿಯ ಹಿಂದೆ ಓಡುತ್ತಿರಬೇಕು.

ಬೆಳಗಾವಿಯ ಖಾಸಬಾಗದಿಂದ ಹಿಡಿದು ಖಾನಾಪುರದ ಆಚೆಯವರೆಗೆ ಆಟೋದ ತಲೆಯ ಮೇಲೆ ಹಾರ್ನ್ ಕಟ್ಟಿಕೊಂಡು ಸಾರಿ ಹೇಳುವುದು ಅವನ ಕಸುಬು. ಸರ್ಕಸ್ಸು ಬಂದರೆ ಅವನೇ ಹೇಳಬೇಕು, ನಾಳೆ ನಲ್ಲಿಗೆ ನೀರು ಬರುವುದಿಲ್ಲವೆಂದರೂ ಅವನೇ ಹೇಳಬೇಕು. ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಬಿಡುತ್ತಿದ್ದ. ಒಮ್ಮೆ ಯಾರದೋ ಎಮ್ಮೆ ಕಳೆದುಹೋಗಿದೆಯೆಂದು ಸಾರಿದಾಗ, ಆ ಎಮ್ಮೆ ತನ್ನ ಬಣ್ಣ, ಕೋಡಿನ ವರ್ಣನೆ ಕೇಳಿ ನಾಚಿ, ತಾನೇ ಬಂದು ಆಟೋದ ಹಿಂದೆ ನಿಂತಿತ್ತು. ಮಾತು ಶುರುವಾಗುವ ಮೊದಲು ಅವನದೊಂದು ಕೆಮ್ಮಿತ್ತು: "ಅಹ್ಹಂ... ಹೂಂ!" ಆ ಕೆಮ್ಮು ಕೇಳಿದರೆ ರೊಟ್ಟಿ ಬಡಿಯುವ ಕೈಗಳು ನಿಲ್ಲುತ್ತಿದ್ದವು. ಕೆಮ್ಮಿಲ್ಲದ ಪ್ರಚಾರವನ್ನು ಖಾನಾಪುರದ ಅಂಗಡಿಕಾರರು ಪ್ರಚಾರವೆಂದೇ ಒಪ್ಪುತ್ತಿರಲಿಲ್ಲ.

ಮಗ ಶಾಕಿರ ಆಟೋ ಓಡಿಸುತ್ತಿದ್ದ, ಅಪ್ಪ ಬಾಜೂಕ್ಕೆ ಕುಳಿತು ಮೈಕು ಹಿಡಿಯುತ್ತಿದ್ದ. ಹೀಗೆ ಎಲ್ಲ ನೆಟ್ಟಗಿದ್ದಾಗ ಒಂದು ಮಳೆಗಾಲದ ಜ್ವರ ಬಂದು ಹೋಯಿತು. ಅದಾದ ಮೇಲೆ ಹಾರ್ನ್ ಕೆಟ್ಟಿತು. ಕೆಟ್ಟದ್ದು ಹಾರ್ನ್ ಎಂದು ಹೇಳಿದವನು ಬುಡನಸಾಬ. ಅದರೊಳಗಿಂದ ಬರುವ ದನಿ ಹರಿದ ತಗಡಿನಂತೆ ಪರಪರ ಅನ್ನುತ್ತಿತ್ತು. ಹೊಸ ಹಾರ್ನ್ ತಂದ, ಅದೂ ಪರಪರ. ಅದನ್ನೂ ಬದಲಿಸಿದ, ಪರಪರ.

"ಈಗಿನ ಮಾಲ ಎಲ್ಲಾ ಹಿಂಗ ನೋಡು," ಎಂದು ಹೆಂಡತಿ ಸುಗರಾಳ ಮುಂದೆ ಹಾರಾಡಿದ. "ಹೊರಗಿಂದ ಚಂದ, ಒಳಗ ಹೊಲಸು."

"ಹೌದ್ರಿ, ಹೌದ್ರಿ," ಎಂದು ಸುಗರಾ ಅರಿಸಿನ ಹಾಕಿದ ಹಾಲು ಕೊಟ್ಟಳು. "ಹಾರ್ನ್ ರಿಪೇರಿ ಆಗೂತನಾ ನೀವು ಬಾಯಿ ಮುಚ್ಕೊಂಡು ಕುಂದರ್ರಿ."

ಆ ಹಾರ್ನನ್ನು ತಂದು ಪಡಸಾಲೆಯ ಹಳೆಯ ಕಂಪ್ಯೂಟರಿಗೆ, ಸ್ಪೀಕರಿನ ಬದಲು, ಆಂಪ್ಲಿಫಯರ್ ಮೂಲಕ ಜೋಡಿಸಿಟ್ಟಿದ್ದರು. ಅದರ ಮೇಲೆ ಒಂದು ಹೂವಿನ ಚಾದರ. ಬುಡನಸಾಬ ಅದರ ಎದುರಿಗೆ ಕುಳಿತು ಹಾಲು ಕುಡಿದ. ಕುಡಿದೂ ಕುಡಿದೂ ಬೆಳಗಾವಿಯ ಎಮ್ಮೆಗಳೆಲ್ಲ ಬತ್ತುವುದೊಂದು ಬಾಕಿ ಉಳಿಯಿತು.

ಒಂದು ಮಧ್ಯಾಹ್ನ ನಮಾಜು ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಾಗ ಚಾದರದೊಳಗಿನ ಹಾರ್ನ್ ಮಾತಾಡಿತು.

"ಖಾನಾಪುರದ ತಾಯಂದಿರೇ, ಅಕ್ಕತಂಗಿಯರೇ! ಬರುವ ಸಂತೆಯ ದಿನ ನಿಮ್ಮೂರಿನಲ್ಲಿ ಹೊಸ ಸೀರೆ ಅಂಗಡಿ..."

ಹೆಣ್ಣು ದನಿ! ಬುಡನಸಾಬ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಒಳಗೆ ನುಗ್ಗಿದ. ಪಡಸಾಲೆಯಲ್ಲಿ ನರಪಿಳ್ಳೆ ಇಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಯಾವ ಹಾಡೂ ಇಲ್ಲ, ಫೈಲೂ ಇಲ್ಲ. ಹಾರ್ನ್ ಗಪ್ಪಾಯಿತು. ಅವನ ಕಸುಬಿನಲ್ಲಿ ದನಿ ಇರುವುದು ಎರಡೇ ಕಡೆ: ಮನುಷ್ಯನ ಗಂಟಲಲ್ಲಿ, ಇಲ್ಲವೇ ಪೆನ್‌ಡ್ರೈವಿನಲ್ಲಿ. ಕಂಪ್ಯೂಟರಿಗೆ ಚುಚ್ಚಿದ್ದ ಪೆನ್‌ಡ್ರೈವ್ ಕಿತ್ತು ಜುಬ್ಬಾದ ಜೇಬಿಗೆ ಹಾಕಿಕೊಂಡ. ಮನೆಯಲ್ಲಿದ್ದ ಉಳಿದ ಪೆನ್‌ಡ್ರೈವುಗಳನ್ನೂ ಜಪ್ತಿ ಮಾಡಿ, ಸುಗರಾಳ ಗಾಡ್ರೇಜ್ ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡ.

"ಏನ್ರಿ ಇದು, ಬಂಗಾರ ಇಟ್ಟಂಗ?" ಎಂದಳು ಸುಗರಾ.

"ಬಂಗಾರ ಹೋದ್ರ ಪೊಲೀಸ್ರು ಹುಡುಕ್ತಾರ. ಆವಾಜ ಹೋದ್ರ ಯಾರು ಹುಡುಕ್ತಾರ?"

ಸುಗರಾ ಏನೂ ಅನ್ನದೆ ಒಲೆಯ ಕಡೆ ತಿರುಗಿದಳು. ಅವಳು ಏನೂ ಅನ್ನದಿರುವುದು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದಂತೆ. ಬುಡನಸಾಬನ ಸಂಶಯಕ್ಕೆ ಅಷ್ಟು ಸಾಕಾಗಿತ್ತು.

ಮರುದಿನ, ಒಂದೂ ಪೆನ್‌ಡ್ರೈವ್ ಇಲ್ಲದ ಕಂಪ್ಯೂಟರಿನಿಂದ, ಅದೇ ಹೊತ್ತಿಗೆ, ಅದೇ ಹೆಂಗಸು ಈ ಸಲ ಮರಾಠಿಯಲ್ಲಿ ಸೀರೆ ಮಾರಿದಳು.

ಆಗ ಅವನ ಕಣ್ಣಿಗೆ ಒಂದೊಂದೇ ಕಾಣತೊಡಗಿತು. ಸೊಸೆ ರುಕ್ಸಾರ ಅಟ್ಟದ ಕೋಣೆಗೆ ಮನೆಯ ಹಳೆಯ ಗಾದಿಗಳನ್ನೆಲ್ಲ ಸಾಗಿಸಿದ್ದಾಳೆ. ಶಾಕಿರ ತತ್ತಿಯ ಖಾಲಿ ಟ್ರೇಗಳನ್ನು ಎತ್ತರಕ್ಕೆ ಪೇರಿಸಿ ಮೇಲೆ ಒಯ್ಯುತ್ತಾನೆ. ಅಷ್ಟು ತತ್ತಿ ತಿಂದವರು ಯಾರು? ಕೇಳಿದರೆ, "ಗ್ವಾಡಿಗಿ ಹಚ್ಚಾಕ್ರಿ ಅಬ್ಬಾ, ಬಿಸಲು ತಡೀತೈತಿ," ಎನ್ನುತ್ತಾನೆ. ತತ್ತಿ ಟ್ರೇಯಿಂದ ಬಿಸಿಲು ತಡೆಯುವಂತಿದ್ದರೆ ಕೋಳಿಗೂಡುಗಳೆಲ್ಲ ಮಹಾಬಳೇಶ್ವರದಂತೆ ತಂಪಾಗಿರುತ್ತಿರಲಿಲ್ಲವೇ? ಅಪ್ಪ ಬಂದರೆ ಮಗ ಫೋನಿನಲ್ಲಿ ದನಿ ತಗ್ಗಿಸುತ್ತಾನೆ. ತಗ್ಗಿಸಿದ ದನಿಯಲ್ಲೇ ಒಂದು ಹೆಸರು ಬಿದ್ದದ್ದು ಬುಡನಸಾಬನಿಗೆ ಕೇಳಿಸಿತು: ಅಜೀಮ.

ಅಜೀಮ! ಖಾನಾಪುರದಲ್ಲಿ ಇದೇ ಧಂಧೆ ಮಾಡುವವನು. ಬುಡನಸಾಬನ ದನಿಯ ಮುಂದೆ ಅವನದು ಸೈಕಲ್ಲಿನ ಗಂಟೆ. ಎಷ್ಟೋ ವರ್ಷಗಳಿಂದ ಅವನ ಕಣ್ಣು ಈ ಹಾರ್ನಿನ ಮೇಲೆಯೇ. ಹಾಗಾದರೆ ಕತೆ ಸ್ಪಷ್ಟ: ಅಜೀಮ ಎಲ್ಲಿಂದಲೋ ಒಬ್ಬ ಹೆಂಗಸನ್ನು ತಂದಿದ್ದಾನೆ, ಮಗ ಅವನ ಜೊತೆ ಸೇರಿದ್ದಾನೆ, ಅಪ್ಪನನ್ನು ಆಟೋದಿಂದ ಇಳಿಸುತ್ತಾರೆ. ಆಟೋದಿಂದ ಇಳಿದ ಬುಡನಸಾಬನೆಂದರೆ ಯಾರು? ಹಾಲು ಕುಡಿಯುವ ಒಬ್ಬ ಮುದುಕ.

ಶಾಕಿರ ಖಾನಾಪುರಕ್ಕೆ ಹೊರಟ ದಿನ ಬುಡನಸಾಬ ಸುಗರಾಳ ಶಾಲನ್ನು ಮೂಗಿನವರೆಗೆ ಸುತ್ತಿಕೊಂಡು ಅವನ ಬೆನ್ನಿಗೇ ಹೊರಟ ಬಸ್ಸು ಹತ್ತಿದ. ಇಂಥ ಪತ್ತೇದಾರಿ ಕೆಲಸವನ್ನು ದೇಶದ ಯಾವ ಇಲಾಖೆಯೂ ಮಾಡಿರಲಾರದು. ಕಂಡಕ್ಟರ್ ಮಾತ್ರ, "ಸಾಬ್ರ, ಹಲ್ಲು ನೋವೇನ್ರಿ?" ಎಂದು ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದ. ಖಾನಾಪುರ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನು ಕಾಣಬಾರದ್ದನ್ನು ಕಂಡ. ಶಾಕಿರ ಮತ್ತು ಅಜೀಮ ಒಂದೇ ಬಾಕಿನ ಮೇಲೆ! ಅಜೀಮ ಜೇಬಿನಿಂದ ಪೆನ್‌ಡ್ರೈವೊಂದನ್ನು ತೆಗೆದು ಮಗನ ಅಂಗೈಯಲ್ಲಿಟ್ಟ. ಮಗ ಅದನ್ನು ಎದೆಗೆ ಒತ್ತಿಕೊಂಡ.

ಬುಡನಸಾಬ ಅಲ್ಲೇ ಗುಡುಗಬೇಕೆಂದಿದ್ದ. ಬಾಯಿ ತೆರೆದರೆ ಪರಪರ ಎಂದಿತು. ಇಲ್ಲಿ ಹಾರ್ನ್ ಇರಲಿಲ್ಲ. ಶಾಲಿನ ಎಳೆ ಬಾಯಿಗೆ ಹೋಯಿತೆಂದುಕೊಂಡು ಉಗುಳಿ, ಸುಮ್ಮನೆ ಬಸ್ಸು ಹತ್ತಿದ.

ಮರುದಿನ ಮಧ್ಯಾಹ್ನ ನಮಾಜಿಗೆ ಹೋದಂತೆ ಮಾಡಿ, ಹಿತ್ತಲ ಬಾಗಿಲಿನಿಂದ ತಿರುಗಿ ಬಂದು ಕದದ ಹಿಂದೆ ನಿಂತ. ಹೂವಿನ ಚಾದರ ನಡುಗಿತು.

"ಅಹ್ಹಂ... ಹೂಂ!"

ಅವನದೇ ಕೆಮ್ಮು! ಜ್ವರಕ್ಕೆ ಮುಂಚಿನದು, ಕಂಚಿನಂಥದು. ಗೋಡೆಯ ಗಡಿಯಾರ ಬೆದರಿ ಹಿಂದಕ್ಕೆ ನಡೆಯಿತು. ಅದರ ಬೆನ್ನಿಗೇ, "ಖಾನಾಪುರದ ತಾಯಂದಿರೇ, ಅಕ್ಕತಂಗಿಯರೇ!" ಎಂದು ಆ ಹೆಂಗಸು.

ಮೈಕು ಕದ್ದರೆ ಸಹಿಸಬಹುದು, ಗಿರಾಕಿ ಕದ್ದರೂ ಸಹಿಸಬಹುದು. ಕೆಮ್ಮು ಕದಿಯುವುದೇ? ಹಾರ್ನನ್ನು ಎತ್ತಿ ಅಂಗಳಕ್ಕೆ ಎಸೆಯಲೆಂದು ಬಾಗಿದ. ಬಾಗಿದಾಗ, ಹಾರ್ನ್ ಉಸಿರು ತೆಗೆದುಕೊಂಡ ಒಂದು ಸಂದಿನಲ್ಲಿ, ಅಟ್ಟದ ಮೇಲಿಂದ ಕುರ್ಚಿ ಕಿರುಗುಟ್ಟಿದ್ದು ಕೇಳಿತು. ಅದೇ ಕಿರುಗು, ಚಹಾದ ಗುಟುಕು ಇಳಿಯುವಷ್ಟು ತಡವಾಗಿ, ಹಾರ್ನಿನಿಂದಲೂ ಬಂತು.

ಬುಡನಸಾಬ ಏಣಿ ಹತ್ತಿದ ವೇಗಕ್ಕೆ ಅದರ ಮೆಟ್ಟಿಲು ಇನ್ನೂ ಬಿಸಿ ಇದೆಯಂತೆ. ಕದ ದೂಡಿದ. ಗೋಡೆಯ ತುಂಬ ತತ್ತಿ ಟ್ರೇ, ಸುತ್ತ ಗಾದಿ, ನಡುವೆ ಹೊಸ ಕಂಪ್ಯೂಟರೂ ಹೆಡ್‌ಫೋನೂ, ಅವುಗಳ ಮುಂದೆ ಮೈಕು ಹಿಡಿದ ರುಕ್ಸಾರ. ಬಾಜೂಕ್ಕೆ ಶಾಕಿರ.

"ನೀನಾ!" ಎಂದ ಬುಡನಸಾಬ. "ಅಜೀಮನ ಹೆಂಗಸು ನಮ್ಮ ಮನ್ಯಾಗ ಉಣ್ಣಾಕೀನಾ!"

ರುಕ್ಸಾರ ಸೆರಗು ಸರಿಮಾಡಿಕೊಂಡಳು. ಅವಳು ಖಾನಾಪುರದ ಮಗಳು, ಹೆದರುವ ಪೈಕಿಯಲ್ಲ. "ಯಾವ ಅಜೀಮನ ಹೆಂಗಸ್ರಿ ಮಾಮೂ? ನಾ ನಿಮ್ಮ ಸೊಸಿ. ಸೀರಿ ಅಂಗಡಿ ಪ್ರಚಾರಕ್ಕ ನಾವು ಮಾತು ಕೊಟ್ಟೀವಿ. ಸಂತಿ ಬಂದೇ ಬಿಡ್ತು."

"ಮತ್ತ ಕೆಳಗ ಮಾತಾಡಾಕಿ ಯಾರು? ಪೆನ್‌ಡ್ರೈವ್ ಎಲ್ಲಾ ಕಪಾಟಿನ್ಯಾಗದಾವ, ಕೀಲಿ ನನ್ನ ಕೊಳ್ಳಾಗೈತಿ!"

ಶಾಕಿರ ತಲೆ ತುರಿಸಿಕೊಂಡ. "ಪೆನ್‌ಡ್ರೈವ್ ಬೇಕಾಗಂಗಿಲ್ರಿ ಅಬ್ಬಾ. ಈ ಕಂಪ್ಯೂಟರಿನ ಆವಾಜ ಮನಿ ವೈಫೈದಾಗ ಹೋಗಿ ಆ ಕಂಪ್ಯೂಟರಿಗಿ ಮುಟ್ಟತೈತಿ. ಹೇಳೂದು ಇಲ್ಲಿ, ಕೇಳೂದು ಅಲ್ಲಿ."

"ಅಲ್ಲಿ ಯಾಕ? ಕಿವಿಗಿ ಆ ಟೋಪಿ ಹಾಕ್ಕೊಂಡು ಇಲ್ಲೇ ಕೇಳಾಕ ಏನ್ ಧಾಡಿ?"

"ನೀವ ಕಲಿಸೀರಲ್ರಿ," ಎಂದಳು ರುಕ್ಸಾರ. "ಕಿವ್ಯಾಗ ಕೇಳಿದ್ದು ಕಿವಿಗಷ್ಟ ಚಂದ, ರಸ್ತೆಕ್ಕ ಇಳಿಯೂದು ಹಾರ್ನಿನ್ಯಾಗ ಕೇಳಬೇಕು ಅಂತ. ಅದಕ್ಕ ಅತ್ತಿ ಕೆಳಗ ಕೇಳ್ತಾರ, ಹೆಂಗ ಬಂತು ಹೇಳ್ತಾರ."

ಸುಗರಾ ಕೂಡ! ಬುಡನಸಾಬ ಗೋಡೆ ಹಿಡಿದುಕೊಂಡ. ಒಂದು ತತ್ತಿ ಟ್ರೇ ಕಿತ್ತು ಕೈಗೆ ಬಂತು. "ಮತ್ತ ನನ್ನ ಕೆಮ್ಮು? ಅದನ್ನ ಅಜೀಮ ಮಾರಿದ್ನಾ?"

"ಮಾರಲಿಲ್ರಿ," ಎಂದ ಶಾಕಿರ. "ಅವ ಹಿಂದಕ ನಿಮ್ಮ ಆಟೋದ ಬೆನ್ನ ಹತ್ತಿ ಫೋನಿನ್ಯಾಗ ತುಂಬ್ಕೊಂಡಿದ್ದ. ದಿನಾ ಮುಂಜಾನೆ ಕೇಳಿ ಕೇಳಿ ಕಲೀತಿದ್ನಂತ. 'ನನಗಂತೂ ಬರಲಿಲ್ಲೋ, ನಿಮ್ಮ ಮನಿದು ನಿಮ್ಮ ಮನ್ಯಾಗ ಇರಲಿ' ಅಂತ ಹಂಗ ಕೊಟ್ಟ."

ಬುಡನಸಾಬನ ಮೀಸೆ ತಾನಾಗಿ ಅರ್ಧ ಇಂಚು ಏರಿತು. ಆದರೆ ಅಷ್ಟರಲ್ಲಿ ಇನ್ನೊಂದು ಮಾತು ಅವನ ತಲೆಯೊಳಗೆ ಇರುವೆಯಂತೆ ಹರಿದು ಬಂತು. ಅವನು ನಿಧಾನವಾಗಿ ಕೇಳಿದ:

"ಈಕಿ ದನಿ ಯಾವ ಹಾರ್ನಿನ್ಯಾಗ ಬಂತು?"

ಶಾಕಿರ ಕಂಪ್ಯೂಟರಿನ ಕಡೆ ಮುಖ ತಿರುಗಿಸಿದ. ಬುಡನಸಾಬ ಬಿಡಲಿಲ್ಲ.

"ಅದು ಕೆಟ್ಟ ಹಾರ್ನ್ ಅಲ್ಲೇನು? ಪರಪರ ಅನ್ನೂದು?"

ಶಾಕಿರ ತನ್ನ ಕಾಲ ಬೆರಳು ನೋಡಿಕೊಂಡ. ರುಕ್ಸಾರ ಮೈಕನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬುಡನಸಾಬ ಅದನ್ನು ಬಿಡಿಸಿ ತೆಗೆದುಕೊಂಡ.

"ಖಾನಾಪುರದ ಸಮಸ್ತ ನಾಗರಿಕರೇ," ಎಂದ.

ಎಂದು, ಕಾದ. ಯಾವಾಗಲೂ ಅವನ ದನಿಯೂ ಹಾರ್ನಿನ ದನಿಯೂ ಒಟ್ಟಿಗೇ ಹೊರಡುತ್ತಿದ್ದವು. ತನ್ನದನ್ನು ಬೇರೆಯಾಗಿ ಅವನು ಎಂದೂ ಕೇಳಿರಲಿಲ್ಲ. ಈಗ ಆ ಚೂರು ತಡದಲ್ಲಿ, ಬಾಯಿ ಮುಚ್ಚಿ ನಿಂತವನಿಗೆ, ಕೆಳಗಿನಿಂದ ಯಾರೋ ಮುದುಕ ಹರಿದ ತಗಡನ್ನು ಎಳೆಯುತ್ತ ನಾಗರಿಕರನ್ನು ಕರೆದದ್ದು ಕೇಳಿಸಿತು.

ಪಡಸಾಲೆಯಿಂದ ಸುಗರಾ ಕೂಗಿದಳು: "ಶಾಕಿರಾ! ಹಾರ್ನ್ ಮತ್ತ ಕೆಡ್ತು ನೋಡೋ!"

ಅಷ್ಟು ವರ್ಷಗಳ ಸಂಸಾರದಲ್ಲಿ ಸುಗರಾಳ ಸುಳ್ಳು ಬುಡನಸಾಬನಿಗೆ ಗೊತ್ತಾಗದೆ ಹೋದದ್ದು ಇದೊಂದೇ; ಈಗ ಇದೂ ಗೊತ್ತಾಯಿತು. ಅವನು ಮೈಕಿನಲ್ಲೇ ಹೇಳಿದ: "ಹಾರ್ನ್ ಚಲೋ ಐತಿ, ಸುಗರಾ. ಅದಕ್ಕೇನೂ ಆಗಿಲ್ಲ."

ಆ ಮಾತೂ ತಡವಾಗಿ ಕೆಳಗೆ ಇಳಿಯಿತು. ಒಲೆಯ ಹತ್ತಿರ ಏನೋ ಪಾತ್ರೆ ಇಟ್ಟ ಸದ್ದಾಯಿತು.

ಗಾದಿಯ ಮೇಲೆ ಕುಳಿತು, ಅವನು ಕೊರಳಿನ ಕೀಲಿ ಬಿಚ್ಚಿ ಶಾಕಿರನ ಕಡೆ ಎಸೆದ. "ಇನ್ನೊಮ್ಮೆ ಹಚ್ಚು. ಕೆಮ್ಮಿನಿಂದ."

ಕೆಳಗೆ ಹಾರ್ನ್ ಕೆಮ್ಮಿತು. ಬುಡನಸಾಬನ ಮುಖ ಗಂಟಾಯಿತು.

"ಥೂ! ಇದನ್ನ ಖಾನಾಪುರಕ್ಕ ಒಯ್ಯಾವ್ರಿದ್ರೇನು? ಇದು ದೇಸೂರಿನ ಕೆಮ್ಮು. ರೈಲಿನ ಗದ್ದಲದಾಗ ಕೇಳಲಿ ಅಂತ ಗಿಡ್ಡ ಮಾಡಿದ್ದು. ಖಾನಾಪುರ ಸಂತ್ಯಾಗ ಉದ್ದಂದು ಬೇಕು, ಕಡೀಕ ಸ್ವಲ್ಪ ಮರಾಠಿಗಿ ಹೊಳ್ಳಬೇಕು. ಅಜೀಮಗ ಜಲ್ಮ ಹೋದ್ರೂ ಬರಲಿಲ್ಲ ಅಂದ್ರ ಇದಕ್ಕ!"

"ಕೆಮ್ಮಿನ್ಯಾಗ ಮರಾಠಿ ಹೆಂಗ್ರಿ ಮಾಮೂ?" ಎಂದಳು ರುಕ್ಸಾರ.

"ಅದನ್ನ ಕಲಿಸಾಕ ಬರಂಗಿಲ್ಲ. ನಾ ಬರಬೇಕು." ಆಮೇಲೆ, ಅವಳ ಕಡೆ ನೋಡದೆ, "ಮತ್ತ ನೀ 'ಅಕ್ಕತಂಗಿಯರೇ' ಅನ್ನೂಮುಂದ ಉಸುರು ನುಂಗಬ್ಯಾಡ. ಹಾರ್ನ್ ಅದನ್ನೂ ಎಲ್ಲಾರ್ಗೂ ಹೇಳತೈತಿ," ಎಂದ.

ಸಂತೆಯ ದಿನ ಆಟೋ ಖಾನಾಪುರದ ಸ್ಟ್ಯಾಂಡಿಗೆ ಬಂದಾಗ ಬುಡನಸಾಬ ತನ್ನ ಜಾಗದಲ್ಲೇ, ಶಾಕಿರನ ಬಾಜೂಕ್ಕೆ, ಮೈಕು ಹಿಡಿದು ಕುಳಿತಿದ್ದ. ಹಿಂದಿನ ಸೀಟಿನಲ್ಲಿ ರುಕ್ಸಾರ, ಅವಳ ಕೈಯಲ್ಲಿ ಇನ್ನೊಂದು ಮೈಕು. ಚಹಾದಂಗಡಿಯ ಬಾಕಿನಿಂದ ಅಜೀಮ ಎದ್ದು ನಿಂತ. ಬುಡನಸಾಬ ಅವನನ್ನು ಸಂಶಯದಿಂದಲೇ ನೋಡಿದ. ಅವನ ಫೋನು ಎಲ್ಲಿದೆ, ಮತ್ತೆ ತುಂಬಿಕೊಳ್ಳುತ್ತಿದ್ದಾನೋ ಏನೋ ಎಂದು. ಅಂಗಿಯ ಜೇಬಿನಿಂದ ಫೋನು ಇಣುಕುತ್ತಿತ್ತು. ತುಂಬಿಕೊಳ್ಳಲಿ ಎಂದುಕೊಂಡು ಬೇಕೆಂದೇ ಅವನ ಕಡೆ ತಿರುಗಿ, ಎದೆ ತುಂಬ ಗಾಳಿ ಎಳೆದು ಕೆಮ್ಮಿದ.

ಪರಪರ ಇತ್ತು, ಇಲ್ಲವೆನ್ನುವಂತಿಲ್ಲ. ಆದರೂ ಸಂತೆಗೆ ಸಂತೆಯೇ ತಕ್ಕಡಿ ಕೆಳಗಿಟ್ಟಿತು. ಲೋಂಡಾದ ಕಾಡಿನಲ್ಲಿ ಓಡುತ್ತಿದ್ದ ಆ ಗಾರ್ಡ್ ಕೂಡ ಒಂದು ಗಳಿಗೆ ನಿಂತು ಈ ಕಡೆ ತಿರುಗಿದ.

ಬುಡನಸಾಬ ಮೈಕು ತೊಡೆಯ ಮೇಲಿಟ್ಟು, ಹಿಂದಕ್ಕೆ ನೋಡದೆ ಕೈಬೀಸಿದ: "ಹೂಂ, ಈಗ ನೀ ಹೇಳವಾ."