ಯಮನೂರಪ್ಪನ ಅಂಜಿಕೆ

ಯಮನೂರಪ್ಪನಷ್ಟು ಅಂಜುವ ಮನುಷ್ಯನನ್ನು ಮೂವತ್ತಾರು ವರ್ಷಗಳ ನನ್ನ ಮಾಸ್ತರಿಕೆಯಲ್ಲಿ ನಾನು ಕಂಡಿಲ್ಲ. ಕುರ್ಚಿಯಲ್ಲಿ ಕೂಡುವ ಮೊದಲು ಅದರ ನಾಲ್ಕೂ ಕಾಲು ನೋಡುತ್ತಾನೆ. ಚಹದ ಬಟ್ಟಲನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ, ಸುಡುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಎತ್ತಿಕೊಳ್ಳುತ್ತಾನೆ. ಇಂಥವನು ಭಾಗ್ಯನಗರದ ತನ್ನ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡಿನೊಳಗೆ, ಪ್ಲಾಸ್ಮಾ ಕಟರ್ ಇಟ್ಟುಕೊಂಡಿದ್ದಾನೆಂದರೆ ಹೊಸಬರು ನಂಬುವುದಿಲ್ಲ. ಕರೆಂಟೂ ಒತ್ತಡದ ಗಾಳಿಯೂ ಕೂಡಿ ಹುಟ್ಟುವ ಅದರ ನೀಲಿ ಉರಿಗೆ ದಪ್ಪ ಕಬ್ಬಿಣವೂ ಬಾಳೆದಿಂಡಿನಂತೆ ಸೀಳಿಹೋಗುತ್ತದೆ. ವಾರವೆಲ್ಲ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಕೆಲಸ ಮಾಡಿ, ರವಿವಾರ ಮಾತ್ರ ಅವನು ಕಿಟಕಿಯ ಜಾಲರಿಯನ್ನೋ ತೊಟ್ಟಿಲಿನ ಕೊಂಡಿಯನ್ನೋ ಕತ್ತರಿಸುತ್ತಾ ಕೂಡುತ್ತಾನೆ.

ಯಂತ್ರ ಹಚ್ಚುವುದಕ್ಕೂ ಅವನಲ್ಲೊಂದು ವಿಧಿಯಿದೆ. ಉಂಗುರ, ಕೈದಾರ ಬಿಚ್ಚಿ ಗೂಟಕ್ಕೆ ಹಾಕಿ, ಬೇಸಿಗೆಯಲ್ಲಿಯೂ ದಪ್ಪ ಖಾಕಿ ಕೋಟನ್ನು ಕೊರಳಿನವರೆಗೆ ಗುಂಡಿ ಹಾಕಿ ತೊಡುತ್ತಾನೆ. ಹೆಂಡತಿ ರೇಣುಕಮ್ಮ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ಗೋಡೆಗೆ ಮುಖಮಾಡಿ ನಿಲ್ಲಬೇಕು. ಆಮೇಲೆ "ಕಣ್ಣ" ಎಂದು ಉದ್ದಕ್ಕೆ ಕೂಗುತ್ತಾನೆ. ಆ ಬೆಳಕು ಯಾರ ಕಣ್ಣಿಗೂ ಬೀಳಬಾರದೆಂದು ಓಣಿಗೆ ಓಣಿಯೇ ಮುಖ ತಿರುಗಿಸುತ್ತದೆ. ಎದುರುಮನೆಯ ಪಕೀರಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಸೆರಗು ಮುಚ್ಚಿಕೊಳ್ಳುತ್ತಾಳೆ. "ದೇವರ ಪೂಜಿಗೂ ಇಷ್ಟು ಮಡಿ ಯಾರೂ ಮಾಡಂಗಿಲ್ರಿ ಸರ," ಎಂದು ಆಕೆ ಒಮ್ಮೆ ನನಗೆ ಹೇಳಿದಳು.

ಹೋದ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟ ವಾರ, ಶ್ರೀರಾಮನಗರದಿಂದ ನನ್ನ ತಂಗಿಯ ಮಗ ಈಶಪ್ಪ ಡೀಸೆಲ್ಲಿನ ಹಳೆಯ ಡ್ರಮ್ಮೊಂದನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದ. ಉದ್ದಕ್ಕೆ ಸೀಳಿಸಿದರೆ ಭತ್ತದ ಬೀಜ ನೆನೆಹಾಕಲು ದೋಣಿಯಂಥ ಎರಡು ತೊಟ್ಟಿಗಳಾಗುತ್ತವೆಂಬುದು ಅವನ ಲೆಕ್ಕ. ಯಮನೂರಪ್ಪ ನನ್ನ ಹಳೆಯ ಶಿಷ್ಯ, ಆ ಸಲುಗೆಯಿಂದ ನಾನೇ ಕರೆದುಕೊಂಡು ಹೋದೆ. ಸೋಪಿನ ಪುಡಿ ಹಾಕಿ ತೊಳೆಸಿ, ನಾಲ್ಕು ದಿನ ಬಿಸಿಲಿಗಿಟ್ಟಿದ್ದೇನೆಂದು ಈಶಪ್ಪ ಹೇಳಿದ. ಯಮನೂರಪ್ಪ ಬಿರಡೆ ತೆಗೆದು ಮೂಸಿದ, ನಾನೂ ಮೂಸಿದೆ. ಸೋಪಿನ ಘಮ ಬಿಟ್ಟು ಬೇರೇನೂ ಇರಲಿಲ್ಲ. ಒಳಗಿನ ಮಡಿಕೆಗಳಲ್ಲಿ ಎಣ್ಣೆ ಉಳಿದಿದ್ದರೆ ಕಾವಿಗೆ ಆವಿಯಾಗಿ ಡ್ರಮ್ಮು ಬಾಂಬಿನಂತೆ ಸಿಡಿಯುತ್ತದೆಂದು ಅವನು ತಗ್ಗಿದ ದನಿಯಲ್ಲಿ ತಿಳಿಸಿದ.

"ಇಷ್ಟು ಅಂಜಾಂವ ಬೆಂಕಿ ಕೆಲಸಕ್ಕ ಯಾಕ ಬಂದಿ ಮಾರಾಯ? ಮಲ್ಲಿಗಿ ದಂಡಿ ಕಟ್ಟಬೇಕಿತ್ತು," ಎಂದು ಈಶಪ್ಪ ನಕ್ಕ.

ನಾನೂ ಸುಮ್ಮನಿರಲಿಲ್ಲ. "ಯಮನೂರ, ತೊಳದೈತಿ ಅಂತ ನಾ ಹೇಳ್ತೀನಲ್ಲ. ಹಚ್ಚು," ಎಂದೆ.

ನನ್ನ ಮಾತನ್ನು ಅವನು ಎಂದೂ ಮೀರಿದವನಲ್ಲ. ಕೋಟು ತೊಟ್ಟ. ಆದರೆ ಈ ಸಲ ರೇಣುಕಮ್ಮನಿಗೆ ಸ್ವಿಚ್ಚಿನ ಬಳಿ ನಿಲ್ಲಬೇಡ, ಪಕೀರಮ್ಮನ ಮನೆಗೆ ಹೋಗಿ ಬಾಗಿಲು ಹಾಕಿಕೋ ಎಂದ. ಆಕೆ ಕದಲಲಿಲ್ಲ, ನನ್ನ ಕಡೆಗೊಮ್ಮೆ ನೋಡಿದಳು. ನನ್ನದೊಂದು ಮಾತಿಗಾಗಿ ಈ ಮನುಷ್ಯ ಸಾಯಲು ಸಿದ್ಧನಾಗಿದ್ದಾನೆಂಬುದು ಆಗ ಹೊಳೆಯಿತು. ಆದರೂ ತಡೆಯಲಿಲ್ಲ. ಅವನು ಉರಿ ಉಗುಳುವ ಕಟರಿನ ಟಾರ್ಚನ್ನು ಡ್ರಮ್ಮಿನ ಹತ್ತಿರ ಒಯ್ದು, ಮತ್ತೆ ಕೆಳಗಿಳಿಸಿದ.

ಆಮೇಲೆ ಅವನೇ ಕೇಳಿದ: "ತೊಳೆಯೂದನ್ನ ನೀವು ಕಣ್ಣಾರೆ ನೋಡೀರೇನ್ರಿ ಸರ?"

"ಇಲ್ಲಪಾ," ಎಂದೆ.

"ಹಂಗಾರ ನಾ ಹಚ್ಚಂಗಿಲ್ರಿ. ನಿಮ್ಮ ಮಾತು ಮೀರೀನಿ, ಸಿಟ್ಟಾಗಬ್ಯಾಡ್ರಿ."

ಬೇರೆ ಅಂಗಡಿಗೆ ಒಯ್ಯುತ್ತೇನೆಂದು ಈಶಪ್ಪ ಡ್ರಮ್ಮು ಉರುಳಿಸಹೋದಾಗ, ಯಮನೂರಪ್ಪ ಅಡ್ಡನಿಂತು ಅದರ ಬಾಯಿಗೆ ನೀರಿನ ಪೈಪು ಇಟ್ಟ. ತುಂಬಲು ಅರ್ಧ ತಾಸು ಹಿಡಿಯಿತು. ಕಂಠಕ್ಕೆ ಬಂದ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಯ ಪದರು ತೇಲಿ ಬಂತು. ಅದರ ಹಿಂದೆಯೇ ಡೀಸೆಲ್ಲಿನ ವಾಸನೆ. ಆಳಿಗೆ ತೊಳೆಯಲು ಹೇಳಿದ್ದಷ್ಟೇ, ತಾನೂ ನೋಡಿರಲಿಲ್ಲವೆಂದು ಈಶಪ್ಪ ಒಪ್ಪಿಕೊಂಡ. ಯಮನೂರಪ್ಪ ಗೆದ್ದವನಂತೆ ನಗಲಿಲ್ಲ. ಗೋಡೆ ಹಿಡಿದು ನಿಂತು, ಹೆಂಡತಿಯನ್ನು ನೀರು ಕೇಳಿದ.

ಧೈರ್ಯವಂತರ ಕಥೆಗಳನ್ನು ನಾನು ಮಕ್ಕಳಿಗೆ ಎಷ್ಟೋ ಹೇಳಿದ್ದೇನೆ. ಅಂಜುವವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಅವರು ಇದ್ದ ಕಡೆ ಏನೂ ಘಟಿಸುವುದಿಲ್ಲವಲ್ಲ. ಮನೆಗಳು ನಿಂತಿರುತ್ತವೆ, ಮಂದಿ ಉಂಡು ಮಲಗುತ್ತಾರೆ, ಯಾರಿಂದ ಉಳಿದೆವೆಂಬುದು ಅವರಿಗೆ ಗೊತ್ತಾಗುವುದೇ ಇಲ್ಲ.